ಚಮಚ, ಮೇಣದಬತ್ತಿ ಮತ್ತು ಕಿಡ್ನಿ: ಡಾ. ರಿಚರ್ಡ್ ಬ್ರೈಟ್ ಕಥೆ

ಹೊಸೂರು: ಅತ್ತಿಬೆಲೆ ದಾಟಿ ಬೆಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಹೋಗಿಬರುವ ನಮ್ಮ ಕಡೆಯ ಕಿಡ್ನಿ ರೋಗಿಗಳು ಎಂಆರ್‌ಐ ವರದಿಯಲ್ಲಿ ‘ಡಿಫ್ಯೂಷನ್’ ಎಂಬ ಪದ ಕಂಡು ಇದೇನೆಂದು ಕೇಳುವುದುಂಟು. ಕತ್ತರಿಸದೆ, ಸೂಜಿ ಚುಚ್ಚದೆ ಕಿಡ್ನಿಯ ಒಳಗನ್ನು ನೋಡುವ ವಿಧಾನ ಅದು. ಆದರೆ ಮೈ ಊದುವ ಕಾಯಿಲೆಯ ಬೇರು ಕಿಡ್ನಿಯಲ್ಲಿರಬಹುದೆಂದು ತೋರಿಸಿಕೊಟ್ಟ ವೈದ್ಯರ ಕೈಯಲ್ಲಿ ಇದ್ದದ್ದು ಒಂದು ಚಮಚ, ಒಂದು ಮೇಣದಬತ್ತಿ, ಅಷ್ಟೆ. ಅವರೇ ಡಾ. ರಿಚರ್ಡ್ ಬ್ರೈಟ್.

ಬ್ರೈಟ್ ಹುಟ್ಟಿದ್ದು 1789ರ ಸೆಪ್ಟೆಂಬರ್ 28ರಂದು, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ತಂದೆ ಶ್ರೀಮಂತ ವ್ಯಾಪಾರಿ. ಎಡಿನ್‌ಬರೋದಲ್ಲಿ ಓದುತ್ತಿದ್ದಾಗಲೇ, 1810ರಲ್ಲಿ, ಐಸ್‌ಲ್ಯಾಂಡ್‌ಗೆ ಹೊರಟ ತಂಡವೊಂದನ್ನು ಸೇರಿಕೊಂಡರು. ಮುಂದೆ ವಿಯೆನ್ನಾ, ಹಂಗೇರಿ ಸುತ್ತಿ 1818ರಲ್ಲಿ ದೊಡ್ಡ ಪ್ರವಾಸ ಗ್ರಂಥ ಪ್ರಕಟಿಸಿದರು. ಅದಕ್ಕೆ ಚಿತ್ರಗಳನ್ನೂ ತಾವೇ ಬರೆದಿದ್ದರು. ಕಂಡದ್ದನ್ನು ಕಂಡಂತೆ ಬರೆದಿಡುವ ಈ ಅಭ್ಯಾಸವೇ ಮುಂದೆ ವೈದ್ಯವೃತ್ತಿಯಲ್ಲಿ ಕೆಲಸಕ್ಕೆ ಬಂತು ಎಂದು ನನಗನಿಸುತ್ತದೆ.

1824ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಪೂರ್ಣ ವೈದ್ಯರಾದರು. ಮುಖ, ಕಾಲು ಊದಿಕೊಂಡು ಬರುವ ರೋಗಿಗಳು ಆಗ ಬಹಳ. ಬಾವು ಎಂಬುದೇ ಒಂದು ಕಾಯಿಲೆ ಎಂದು ವೈದ್ಯರು ತಿಳಿದಿದ್ದ ಕಾಲ. ಬ್ರೈಟ್ ಅಂಥವರ ಮೂತ್ರವನ್ನು ಚಮಚದಲ್ಲಿ ಹಾಕಿ ಬತ್ತಿಯ ಮೇಲೆ ಹಿಡಿದು ಕಾಯಿಸುತ್ತಿದ್ದರು. ಮೊಟ್ಟೆಯ ಬಿಳಿಭಾಗದ ಹಾಗೆ ಅದು ಹೆಪ್ಪುಗಟ್ಟಿದರೆ ಪ್ರೋಟೀನು ಸೋರುತ್ತಿದೆ ಎಂದರ್ಥ. ಇದನ್ನು ಅವರಿಗಿಂತ ಮೊದಲೇ ಕೆಲವರು ಕಂಡಿದ್ದರು, ನಿಜ. ಆದರೆ ಅಂಥ ರೋಗಿ ಸತ್ತ ಮೇಲೆ ದೇಹ ಕೊಯ್ದು ಕಿಡ್ನಿಯನ್ನೇ ನೋಡಿ, ಬಾವು, ಮೂತ್ರ, ಕಿಡ್ನಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದವರು ಬ್ರೈಟ್. ಕೆಲವು ಕಿಡ್ನಿಗಳು ಊದಿ ಬಿಳಿಚಿದ್ದವು, ಕೆಲವು ಮುದುಡಿ ತರಿತರಿಯಾಗಿದ್ದವು. 1827ರಲ್ಲಿ ಬಣ್ಣದ ಚಿತ್ರಗಳ ಸಮೇತ ಇದೆಲ್ಲ ಪ್ರಕಟವಾಯಿತು. ‘ಬ್ರೈಟ್ಸ್ ಡಿಸೀಸ್’ ಎಂಬ ಹೆಸರು ನೂರು ವರ್ಷಕ್ಕೂ ಮಿಕ್ಕಿ ವೈದ್ಯರ ಬಾಯಲ್ಲಿತ್ತು.

1836ರಲ್ಲಿ 100 ರೋಗಿಗಳ ಪಟ್ಟಿ ಮಾಡಿ, ಕಿಡ್ನಿ ಕೆಟ್ಟವರಲ್ಲಿ ಎಷ್ಟೋ ಜನರ ಹೃದಯ ದಪ್ಪವಾಗಿರುವುದನ್ನು ಗಮನಿಸಿದರು. ಬಿಪಿ ಅಳೆಯುವ ಪಟ್ಟಿ ಬಂದದ್ದು 1896ರಲ್ಲಿ! 1842ರಲ್ಲಿ ಕಿಡ್ನಿ ರೋಗಿಗಳಿಗೆಂದೇ 42 ಹಾಸಿಗೆಗಳ ಎರಡು ವಾರ್ಡು, ಪಕ್ಕದಲ್ಲೇ ಪ್ರಯೋಗಾಲಯ ಏರ್ಪಡಿಸಿಕೊಂಡರು.

ಇಷ್ಟಾದರೂ ಅವರಿಗೆ ಆಗದ ಕೆಲಸ ಒಂದಿತ್ತು. ಬದುಕಿರುವವನ ಕಿಡ್ನಿಯನ್ನು ನೋಡಲಾಗುತ್ತಿರಲಿಲ್ಲ. ಡಿಫ್ಯೂಷನ್ ಎಂಆರ್‌ಐ ಕೈಹಾಕಿರುವುದು ಅಲ್ಲಿಗೇ. ವಿಜ್ಞಾನ ಓದದ ನನ್ನಂಥವರಿಗೂ ತಿಳಿಯುವ ಹಾಗೆ ಹೇಳುವುದಾದರೆ, ದೇಹದೊಳಗೆ ನೀರಿನ ಕಣಗಳು ಸುಮ್ಮನೆ ನಿಲ್ಲುವುದಿಲ್ಲ, ಅತ್ತಿತ್ತ ಅಲೆಯುತ್ತಿರುತ್ತವೆ. ಆರೋಗ್ಯವಂತ ಕಿಡ್ನಿಯಲ್ಲಿ ಈ ಓಡಾಟ ಸಲೀಸು. ಒಳಗೆ ಗಾಯದ ಕಲೆಯಂತೆ ನಾರು ಕಟ್ಟಿಕೊಂಡಾಗ ದಾರಿ ಇಕ್ಕಟ್ಟು, ಓಡಾಟ ಕಡಿಮೆ. ಯಂತ್ರ ಅದನ್ನು ಅಂಕಿಯಾಗಿ ಕೊಡುತ್ತದೆ. ಹರಿಯುವ ದ್ರವದಲ್ಲಿ ಇದೇ ಕಾಂತೀಯ ಅನುರಣನ ಹೇಗೆ ಬದಲಾಗುತ್ತದೆಂದು 1951ರಲ್ಲೇ ಪರೀಕ್ಷಿಸಿದವರು ನಮ್ಮ ಪಕ್ಕದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್. ಡಿಫ್ಯೂಷನ್ ಚಿತ್ರಕ್ಕೆ ದಾರಿ ಮಾಡಿದವರಲ್ಲಿ ಪ್ರಮುಖರು ಫ್ರಾನ್ಸಿನ ಡೆನಿ ಲೆ ಬಿಹಾನ್, 1980ರ ದಶಕದ ನಡುವಿನಲ್ಲಿ.

ಇದಕ್ಕೆ ರಕ್ತನಾಳಕ್ಕೆ ಚುಚ್ಚುವ ಔಷಧಿ ಬೇಕಿಲ್ಲ. ಕಿಡ್ನಿ ಪೂರಾ ಸೋತವರಿಗೆ ಹಳೆಯ ಮಾದರಿಯ ಕೆಲವು ಗ್ಯಾಡೊಲಿನಿಯಂ ಔಷಧಿಗಳಿಂದ ಚರ್ಮ ಗಟ್ಟಿಯಾಗುವ ಕಾಯಿಲೆ ಬರಬಹುದೆಂದು 2006ರಲ್ಲಿ ಗೊತ್ತಾದ ಮೇಲೆ ಇದರ ಬೆಲೆ ಹೆಚ್ಚಿತು. ಹಾಗೆಂದು ಮರುಳಾಗಬೇಕಿಲ್ಲ. ಉಸಿರಾಡಿದರೆ ಕಿಡ್ನಿ ಅಲುಗುತ್ತದೆ, ಯಂತ್ರದಿಂದ ಯಂತ್ರಕ್ಕೆ ಅಂಕಿ ಬೇರೆಯಾಗುತ್ತದೆ. ಹೇಗೆ ತೆಗೆಯಬೇಕೆಂಬ ಒಮ್ಮತದ ಶಿಫಾರಸು ತಜ್ಞರಿಂದ ಬಂದದ್ದೇ 2020ರಲ್ಲಿ. ಯಾವ ಬಗೆಯ ಕಾಯಿಲೆ ಎಂದು ಹೇಳಲು ಅನೇಕರಿಗೆ ಇನ್ನೂ ಬಯಾಪ್ಸಿಯೇ ಬೇಕು.

ನಮ್ಮ ಜಿಲ್ಲೆಯ ಮಾತಿಗೆ ಬಂದರೆ, ಮನೆಬಾಗಿಲಿಗೇ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಶುರುವಾದದ್ದು ಕೃಷ್ಣಗಿರಿಯ ಸಾಮನಪಳ್ಳಿಯಲ್ಲಿ, 2021ರ ಆಗಸ್ಟ್ 5ರಂದು. ಕಿಡ್ನಿ ಕೆಡಿಸುವವುಗಳಲ್ಲಿ ಇವೆರಡೇ ಮುಂದು. ಮೊದಮೊದಲು ನೋವಿಲ್ಲ, ಬಾವಿಲ್ಲ. ಸುಳಿವು ಕೊಡುವುದು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮತ್ತು ಆ ಹಳೆಯ ಮೂತ್ರ ಪರೀಕ್ಷೆ. ಚಮಚದ ಬದಲು ಈಗ ಕಾಗದದ ಪಟ್ಟಿ ಇದೆ. ಸಾವಿರಾರು ರೂಪಾಯಿ ಸ್ಕ್ಯಾನಿಗೆ ಸಾಲ ಮಾಡುವ ಮೊದಲು ಇವೆರಡು ಆಗಿವೆಯೇ ಎಂದು ವೈದ್ಯರನ್ನು ಕೇಳಿ.

ಬ್ರೈಟ್ ಮನೆಯಲ್ಲಿ ದುಃಖವನ್ನೂ ಕಂಡವರು. ಮೊದಲ ಪತ್ನಿ ಮಾರ್ಥಾ ಹೆರಿಗೆಯಾದ ಸ್ವಲ್ಪ ಕಾಲಕ್ಕೇ ತೀರಿಕೊಂಡರು. 1837ರಲ್ಲಿ ವಿಕ್ಟೋರಿಯಾ ರಾಣಿಯ ವೈದ್ಯರ ಸಾಲಿಗೂ ಸೇರಿದ್ದ ಬ್ರೈಟ್ 1858ರ ಡಿಸೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು. ಅವರ ದೇಹವನ್ನೂ ಕೊಯ್ದು ನೋಡಲಾಯಿತು. ಕೆಟ್ಟಿದ್ದದ್ದು ಹೃದಯದ ಕವಾಟ.