ರೋಗಕ್ಕೆ ಹೆಸರಾದ ವೈದ್ಯ: ಡಾಕ್ಟರ್ ರಿಚರ್ಡ್ ಬ್ರೈಟ್

ಅರಸರ ಹೆಸರು ಶಾಸನಗಳಲ್ಲಿ ಉಳಿಯುತ್ತದೆ. ಕವಿಗಳ ಹೆಸರು ಕಾವ್ಯಗಳಲ್ಲಿ ಉಳಿಯುತ್ತದೆ. ವೈದ್ಯರ ಹೆಸರಾದರೋ, ಅವರ ಕೈಯಿಂದ ಬದುಕಿದವರ ನೆನಪು ಇರುವವರೆಗೆ ಮಾತ್ರ ಉಳಿಯುವುದು ಲೋಕರೂಢಿ. ಆದರೆ ತಾವು ಗುಣಪಡಿಸಲಾರದೆ ಹೋದ ರೋಗದಿಂದಲೇ ಲೋಕಪ್ರಸಿದ್ಧರಾದ ವೈದ್ಯರೊಬ್ಬರಿದ್ದರು. ಅವರೇ ಇಂಗ್ಲೆಂಡಿನ ಡಾಕ್ಟರ್ ರಿಚರ್ಡ್ ಬ್ರೈಟರು. ಮೂತ್ರಪಿಂಡಗಳ ಬೇನೆಯನ್ನು ನೂರು ವರ್ಷಗಳಿಗೂ ಹೆಚ್ಚು ಕಾಲ ಜಗತ್ತೆಲ್ಲ ಬ್ರೈಟನ ರೋಗವೆಂದೇ ಕರೆಯಿತು. ಇಂದು ಮುಖವೆಲ್ಲ ಊದಿಕೊಂಡು ಆಸ್ಪತ್ರೆಗೆ ಬಂದ ನಾಲ್ಕು ವರ್ಷದ ಮಗುವೊಂದು ಕೆಲವು ವಾರಗಳಲ್ಲಿ ಗೆಲುವಾಗಿ ಅಂಗಳದಲ್ಲಿ ಆಡುವುದಾದರೆ, ಅದರ ಹಿಂದೆ ಈ ಮಹನೀಯರ ದುಡಿಮೆಯೂ ಇದೆ.

ಬ್ರೈಟರು ಜನಿಸಿದುದು 1789ನೆಯ ಇಸವಿ ಸೆಪ್ಟೆಂಬರ್ 28ರಂದು, ಬ್ರಿಸ್ಟಲ್ ಎಂಬ ರೇವುಪಟ್ಟಣದಲ್ಲಿ. ತಂದೆ ಧನಿಕ ವರ್ತಕರು. ಬ್ಯಾಂಕಿನ ವ್ಯವಹಾರವನ್ನೂ ನಡೆಸುತ್ತಿದ್ದವರು. ಮಗನು ಮನಸ್ಸು ಮಾಡಿದ್ದರೆ ಲೆಕ್ಕದ ಪುಸ್ತಕಗಳ ಮುಂದೆ ಕುಳಿತು ಸುಖವಾಗಿ ಬಾಳಬಹುದಾಗಿತ್ತು. ಆದರೆ ಆತನ ಒಲವು ಬೇರೆಯ ಕಡೆಗಿತ್ತು. 1808ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿ, ಮೊದಲು ತತ್ತ್ವಶಾಸ್ತ್ರ, ಗಣಿತಗಳನ್ನು ಓದಿ, ಮರುವರ್ಷವೇ ವೈದ್ಯಶಾಸ್ತ್ರಕ್ಕೆ ತಿರುಗಿದರು. 1810ರಲ್ಲಿ ಸರ್ ಜಾರ್ಜ್ ಮೆಕೆಂಜಿಯವರ ತಂಡದೊಡನೆ ಐಸ್‌ಲೆಂಡಿಗೆ ಹೋಗಿ, ಆ ಹಿಮದ ನಾಡಿನ ಗಿಡಮೂಲಿಕೆಗಳನ್ನೂ ಪ್ರಾಣಿಗಳನ್ನೂ ಕುರಿತು ಟಿಪ್ಪಣಿಗಳನ್ನು ಬರೆದರು. ಆಗ ಅವರಿಗೆ ಇಪ್ಪತ್ತು ವರ್ಷ. ಹಿಂದಿರುಗಿದ ಬಳಿಕ ಲಂಡನ್ನಿನ ಗೈ ಆಸ್ಪತ್ರೆಯಲ್ಲಿ ಕಲಿತು, 1813ರಲ್ಲಿ ಎಡಿನ್‌ಬರೋದಲ್ಲಿ ಎಂ.ಡಿ. ಪದವಿಯನ್ನು ಪಡೆದರು.

ನೋಡುವ ಕಣ್ಣು, ಬರೆಯುವ ಕೈ, ಚಿತ್ರ ತೆಗೆಯುವ ಚಾತುರ್ಯ ಈ ಮೂರೂ ಅವರಲ್ಲಿ ಒಂದುಗೂಡಿದ್ದುವು. 1814ರಲ್ಲಿ ಯೂರೋಪಿನ ಪ್ರವಾಸಕ್ಕೆ ಹೊರಟು ವಿಯೆನ್ನಾದಲ್ಲಿ ಅರಸರೂ ಮಂತ್ರಿಗಳೂ ಕೂಡಿದ್ದ ಮಹಾಸಮ್ಮೇಳನವನ್ನು ಕಂಡರು. ಅಲ್ಲಿಂದ ಹಂಗೇರಿಯ ಹಳ್ಳಿಗಳಲ್ಲಿ ಸಂಚರಿಸಿದರು. ಆ ಪ್ರವಾಸದ ಗ್ರಂಥವು 1818ರಲ್ಲಿ ಅವರೇ ಬರೆದ ಚಿತ್ರಗಳೊಡನೆ ಪ್ರಕಟವಾಯಿತು. ಲಂಡನ್ನಿನ ಜ್ವರದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಗ ರೋಗಿಗಳ ಜ್ವರವೇ ತಮಗೂ ಅಂಟಿ ಪ್ರಾಣಾಪಾಯದಿಂದ ಪಾರಾದರು. 1820ರಲ್ಲಿ ಗೈ ಆಸ್ಪತ್ರೆಯ ಸಹಾಯಕ ವೈದ್ಯರಾಗಿ, 1824ರಲ್ಲಿ ಪೂರ್ಣ ವೈದ್ಯರಾಗಿ ನೇಮಕಗೊಂಡರು. ಇದೇ ಕಾಲದಲ್ಲಿ ಮನೆಯಲ್ಲೊಂದು ಆಘಾತವೂ ಒದಗಿತು. 1822ರಲ್ಲಿ ಕೈಹಿಡಿದ ಪತ್ನಿ ಮಾರ್ಥಾ, ಮರುವರ್ಷ ಗಂಡುಮಗುವನ್ನು ಹೆತ್ತು ಬಾಣಂತಿತನದಲ್ಲಿಯೇ ತೀರಿಕೊಂಡರು. ಆಕೆಯ ತಂದೆಯೂ ಹೆಸರಾಂತ ವೈದ್ಯರು, ಗಂಡನೂ ವೈದ್ಯರು. ಆದರೂ ಆಕೆಯನ್ನು ಉಳಿಸಿಕೊಳ್ಳಲಾಗಲಿಲ್ಲ. ಅಂದಿನ ವೈದ್ಯವಿದ್ಯೆಯ ಮಿತಿ ಅಷ್ಟಿತ್ತು.

ಆ ಕಾಲದಲ್ಲಿ ಮೈ ಊದಿಕೊಳ್ಳುವುದೇ ಒಂದು ರೋಗವೆಂದು ಎಣಿಸುತ್ತಿದ್ದರು. ಕಾಲು ಬಾತರೂ, ಹೊಟ್ಟೆಯಲ್ಲಿ ನೀರು ತುಂಬಿದರೂ, ಕಣ್ಣ ಸುತ್ತ ಬಾವು ಬಂದರೂ ಎಲ್ಲಕ್ಕೂ ಒಂದೇ ಹೆಸರು. ರಕ್ತ ತೆಗೆಯುವುದು, ಭೇದಿಗೆ ಕೊಡುವುದು ಇವೇ ಮದ್ದು. ಮೂತ್ರವನ್ನು ಕಾಯಿಸಿದರೆ ಕೆಲವರಲ್ಲಿ ಅದು ಗರಣೆಗಟ್ಟುವುದೆಂಬುದನ್ನು ಇಟಲಿಯ ಕೊಟುನ್ಯೊ ಎಂಬ ಪಂಡಿತರು ಹದಿನೆಂಟನೆಯ ಶತಮಾನದಲ್ಲಿಯೇ ಕಂಡಿದ್ದರು. ಸ್ಕಾರ್ಲೆಟ್ ಜ್ವರವೆಂಬ, ಗಂಟಲು ನೋವಿನೊಡನೆ ಮೈ ಕೆಂಪಾಗುವ ಜ್ವರದಿಂದ ಎದ್ದ ಮಕ್ಕಳಿಗೆ ಆಮೇಲೆ ಮೈ ಊದುವುದನ್ನೂ, ಮೂತ್ರದಲ್ಲಿ ರಕ್ತ ಕಾಣುವುದನ್ನೂ ಲಂಡನ್ನಿನ ವೆಲ್ಸ್ ಎಂಬ ವೈದ್ಯರು 1812ರಲ್ಲಿ ಬರೆದಿಟ್ಟಿದ್ದರು. ಆದರೆ ಇವು ಬಿಡಿಬಿಡಿ ಮಣಿಗಳು. ಪೋಣಿಸುವ ದಾರ ಇನ್ನೂ ದೊರೆತಿರಲಿಲ್ಲ.

ಆ ದಾರವನ್ನು ಹಿಡಿದವರು ಬ್ರೈಟರು. ಅವರ ಉಪಕರಣಗಳು ಬಹು ಸರಳ: ಒಂದು ಚಮಚ, ಒಂದು ಮೇಣದ ಬತ್ತಿ. ರೋಗಿಯ ಮೂತ್ರವನ್ನು ಚಮಚದಲ್ಲಿಟ್ಟು ಉರಿಯ ಮೇಲೆ ಕಾಯಿಸುವರು. ಮೊಟ್ಟೆಯ ಬಿಳಿಯ ಭಾಗ ಕಾವಿಗೆ ಗಟ್ಟಿಯಾಗುವಂತೆ, ಕೆಲವರ ಮೂತ್ರದಲ್ಲಿ ಬೆಳ್ಳನೆಯ ಗರಣೆ ಕಾಣಿಸುವುದು. ಅದೇ ಆಲ್ಬ್ಯುಮಿನ್ ಎಂಬ ಸಾರಪದಾರ್ಥ. ರಕ್ತದಲ್ಲಿ ಇರಬೇಕಾದ್ದು ಮೂತ್ರದಲ್ಲಿ ಸೋರಿಹೋಗುತ್ತಿತ್ತು. ಅಂಥ ರೋಗಿ ತೀರಿಕೊಂಡರೆ ಬ್ರೈಟರು ಶವಪರೀಕ್ಷೆಯ ಕೋಣೆಗೆ ಹೋಗಿ ಮೂತ್ರಪಿಂಡಗಳನ್ನು ನೋಡುವರು. ನಾವು ಬ್ಯಾಂಕಿನವರು ದಿನವಹಿಯನ್ನು ಖಾತೆಯೊಡನೆ ತಾಳೆ ನೋಡುವಂತೆ, ಹಾಸಿಗೆಯ ಬಳಿ ಬರೆದುಕೊಂಡದ್ದನ್ನು ಅಲ್ಲಿ ಕಂಡುದರೊಡನೆ ತಾಳೆ ಹಾಕುವರು. ಊದಿದ ಮೈ, ಗರಣೆಗಟ್ಟುವ ಮೂತ್ರ, ಕೆಟ್ಟ ಮೂತ್ರಪಿಂಡ ಈ ಮೂರೂ ಮತ್ತೆ ಮತ್ತೆ ಜೊತೆಯಾಗಿಯೇ ಕಂಡುಬಂದುವು. 1827ರಲ್ಲಿ ಇದನ್ನೆಲ್ಲ ಬಣ್ಣದ ಚಿತ್ರಗಳೊಡನೆ ದೊಡ್ಡ ಗ್ರಂಥವಾಗಿ ಹೊರತಂದರು. ರಸಾಯನಶಾಸ್ತ್ರ ಬಲ್ಲ ಡಾಕ್ಟರ್ ಜಾನ್ ಬಾಸ್ಟಾಕರು ಇವರ ರೋಗಿಗಳ ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸಿಕೊಟ್ಟರು.

1836ರಲ್ಲಿ ನೂರು ರೋಗಿಗಳ ವಿವರಗಳನ್ನು ಪಟ್ಟಿ ಮಾಡಿ ಪ್ರಕಟಿಸಿ, ಇಂಥವರಲ್ಲಿ ಅನೇಕರಿಗೆ ಹೃದಯವೂ ಹಿಗ್ಗಿರುವುದನ್ನು ಬ್ರೈಟರು ತೋರಿಸಿದರು. ರಕ್ತದ ಒತ್ತಡವನ್ನು ಅಳೆಯುವ ಸಾಧನವೇ ವೈದ್ಯರ ಕೈಯಲ್ಲಿಲ್ಲದ ಕಾಲದ ಮಾತಿದು. 1842ರಲ್ಲಿ ಗೈ ಆಸ್ಪತ್ರೆಯವರು ಎರಡು ವಾರ್ಡುಗಳನ್ನೂ 42 ಹಾಸಿಗೆಗಳನ್ನೂ ಮೂತ್ರಪಿಂಡದ ರೋಗಿಗಳಿಗೆಂದೇ ಆರು ತಿಂಗಳ ಮಟ್ಟಿಗೆ ಬಿಟ್ಟುಕೊಟ್ಟರು. ಪಕ್ಕದಲ್ಲಿಯೇ ಪ್ರಯೋಗಶಾಲೆಯೂ ಇತ್ತು. ಒಂದೇ ರೋಗವನ್ನು ಹಲವರು ಕೂಡಿ ಅಭ್ಯಾಸ ಮಾಡುವ ಪದ್ಧತಿಗೆ ಇದು ಮೇಲ್ಪಂಕ್ತಿಯಾಯಿತು. ಥಾಮಸ್ ಅಡಿಸನ್, ಥಾಮಸ್ ಹಾಜ್‌ಕಿನ್ ಎಂಬ ಇನ್ನಿಬ್ಬರು ಪ್ರಖ್ಯಾತರೂ ಇದೇ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದರು. ಈ ಮೂವರ ಹೆಸರೂ ಒಂದೊಂದು ರೋಗಕ್ಕೆ ಅಂಟಿಕೊಂಡಿತು.

1837ರಲ್ಲಿ ವಿಕ್ಟೋರಿಯಾ ರಾಣಿಯ ವೈದ್ಯರಲ್ಲೊಬ್ಬರೆಂಬ ಗೌರವವೂ ಬ್ರೈಟರಿಗೆ ದೊರೆಯಿತು. ಆದರೆ ರೋಗವನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದ ಅವರ ಕೈಯಲ್ಲಿ ಅದನ್ನು ಗೆಲ್ಲುವ ಔಷಧವಿರಲಿಲ್ಲ. ಪಥ್ಯ, ವಿಶ್ರಾಂತಿ, ಬೆವರಿಸುವುದು, ಭೇದಿ, ರಕ್ತ ತೆಗೆಯುವುದು ಇಷ್ಟೇ ಅವರಿಗೆ ಗೊತ್ತಿದ್ದ ಉಪಾಯಗಳು. ಬಲ್ಲಷ್ಟನ್ನು ಬರೆದಿಟ್ಟು, ಉಳಿದುದನ್ನು ಮುಂದಿನವರಿಗೆ ಬಿಟ್ಟರು. 1858ನೆಯ ಇಸವಿ ಡಿಸೆಂಬರ್ 16ರಂದು ಹೃದಯದ ಕವಾಟದ ರೋಗದಿಂದ ನಿಧನರಾದರು. 1826ರಲ್ಲಿ ಆದ ಎರಡನೆಯ ವಿವಾಹದ ಮಕ್ಕಳಲ್ಲಿ ಒಬ್ಬರು ವೈದ್ಯರಾದರು, ಇನ್ನೊಬ್ಬರು ಆಕ್ಸ್‌ಫರ್ಡಿನಲ್ಲಿ ಇತಿಹಾಸಕಾರರೆಂದು ಹೆಸರಾದರು.

ಮುಂದಿನವರು ಆ ಕೆಲಸವನ್ನು ಕೈಬಿಡಲಿಲ್ಲ. ಬ್ರೈಟನ ರೋಗವೆಂಬುದು ಒಂದಲ್ಲ, ಹಲವು ರೋಗಗಳೆಂಬುದು ಕ್ರಮೇಣ ತಿಳಿಯಿತು. ಮಕ್ಕಳ ಮಟ್ಟಿಗೆ ಅದರಲ್ಲಿ ಎರಡನ್ನು ತಂದೆತಾಯಿಗಳು ಅರಿತಿರಬೇಕು. ಮೊದಲನೆಯದು, ಗಂಟಲು ನೋವು ಬಂದು ಒಂದೆರಡು ವಾರಗಳ ಮೇಲೆ, ಅಥವಾ ಕಜ್ಜಿ, ಕೀವುಹುಣ್ಣುಗಳಾಗಿ ಕೆಲವು ವಾರಗಳ ಮೇಲೆ ಬರುವುದು. ಮೂತ್ರ ಕಾಫಿಯ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ, ಪ್ರಮಾಣದಲ್ಲಿ ಕಡಮೆಯಾಗಿ, ಮುಖ ಊದುತ್ತದೆ. ರಕ್ತದ ಒತ್ತಡ ಏರುತ್ತದೆ. ಇದಕ್ಕೆ ಸ್ಟ್ರೆಪ್ಟೋಕಾಕಸ್ ಎಂಬ ಕ್ರಿಮಿಯ ಸೋಂಕು ಮೂಲ. ವೇಳೆಗೆ ಸರಿಯಾಗಿ ಆಸ್ಪತ್ರೆಗೆ ಬಂದರೆ ಬಹುಪಾಲು ಮಕ್ಕಳು ಪೂರ್ಣವಾಗಿ ಗುಣಹೊಂದುತ್ತಾರೆ.

ಎರಡನೆಯದಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಎಂದು ಹೆಸರು. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಬೆಳಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಊದಿರುತ್ತವೆ, ಬರಬರುತ್ತ ಕಾಲು, ಹೊಟ್ಟೆಗಳೂ ಬಾಯುತ್ತವೆ, ಮೂತ್ರ ನೊರೆನೊರೆಯಾಗಿರುತ್ತದೆ. ಮನೆಯವರು ಮಗು ಮೈಕೈ ತುಂಬಿಕೊಂಡಿತೆಂದು ಸಂತೋಷಪಡುವುದೂ, ದೃಷ್ಟಿ ತಾಗಿತೆಂದು ನಿವಾಳಿಸುವುದೂ ಉಂಟು. ಪೆನಿಸಿಲಿನ್ ಬರುವುದಕ್ಕೆ ಮೊದಲು ಇಂಥ ಮಕ್ಕಳಲ್ಲಿ ಅನೇಕರು ಸೋಂಕು ತಗುಲಿ ಸಾಯುತ್ತಿದ್ದರು. 1950ರ ಸುಮಾರಿಗೆ ಸ್ಟೀರಾಯ್ಡ್ ಔಷಧಗಳು ಬಂದ ಮೇಲೆ ಚಿತ್ರವೇ ಬದಲಾಯಿತು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳ ಬಾವು ಪ್ರೆಡ್ನಿಸೊಲೋನ್ ಮಾತ್ರೆಗಳಿಂದ ಇಳಿಯುತ್ತದೆ. ಆದರೆ ರೋಗ ಮರುಕಳಿಸುವ ಸ್ವಭಾವದ್ದು. ಬಾವು ಇಳಿಯಿತೆಂದು ವೈದ್ಯರನ್ನು ಕೇಳದೆ ಮಾತ್ರೆಯನ್ನು ನಿಲ್ಲಿಸಕೂಡದು. ಬಾವಿರುವಾಗ ಉಪ್ಪನ್ನು ಕಡಮೆ ಮಾಡಬೇಕು. ಚುಚ್ಚುಮದ್ದುಗಳನ್ನು ವೈದ್ಯರು ಹೇಳಿದ ಕಾಲಕ್ಕೆ ಹಾಕಿಸಬೇಕು. ಔಷಧಕ್ಕೆ ಬಗ್ಗದ ಕೆಲವರಿಗೆ ಮಾತ್ರ ಸೂಜಿಯಿಂದ ಮೂತ್ರಪಿಂಡದ ಚೂರನ್ನು ತೆಗೆದು ನೋಡಬೇಕಾಗುತ್ತದೆ. ಬ್ರೈಟರು ಶವದಲ್ಲಿ ಕಂಡುದನ್ನು ಇಂದಿನವರು ಜೀವಂತ ಮಗುವಿನಲ್ಲಿಯೇ ಕಂಡು ಚಿಕಿತ್ಸೆ ಮಾಡುತ್ತಾರೆ.

ಇಂಥ ಮಗುವಿರುವ ಮನೆಯಲ್ಲಿ ತಾಯಿಯೇ ಪರೀಕ್ಷಕಳು. ಬೆಳಗಿನ ಮೊದಲ ಮೂತ್ರವನ್ನು ಪಟ್ಟಿಕಾಗದದಿಂದಾಗಲಿ, ಕಾಯಿಸಿಯಾಗಲಿ ನೋಡಿ, ಕಂಡುದನ್ನು ಪುಸ್ತಕದಲ್ಲಿ ಬರೆದಿಡುವಂತೆ ವೈದ್ಯರು ಆಕೆಗೆ ಕಲಿಸಿಕೊಡುತ್ತಾರೆ. ಮೂರು ದಿನ ಒಂದೇ ಸಮನೆ ಆಲ್ಬ್ಯುಮಿನ್ ಬಹಳವಾಗಿ ಕಂಡರೆ ರೋಗ ಮರಳಿತೆಂದು ಅರ್ಥ. ಬಾವು ಏರುವ ಮುನ್ನವೇ ಚಿಕಿತ್ಸೆ ತೊಡಗಬಹುದು. ಚಮಚವೂ ಮೇಣದ ಬತ್ತಿಯೂ ಹೀಗೆ ಆಸ್ಪತ್ರೆಯಿಂದ ಅಡಿಗೆಮನೆಗೆ ಬಂದಂತಾಯಿತು.

ಹೊರನಾಡಿನಲ್ಲಿ ನೆಲಸಿದ ನಮಗೆ ವೈದ್ಯರ ಭಾಷೆ ಒಂದು, ಅಂಗಡಿಯ ಭಾಷೆ ಒಂದು, ಮನೆಯ ಭಾಷೆ ಒಂದು. ಮಗುವಿನ ಪ್ರಾಣಕ್ಕೆ ಬೇಕಾದ ತಿಳಿವಳಿಕೆ ತಾಯಿಯ ನುಡಿಯಲ್ಲಿ ಮನೆಗೆ ಮುಟ್ಟಿದರೆ ಅದು ನಿಲ್ಲುತ್ತದೆ. ರಾಜ್ಯೋತ್ಸವದ ಈ ಶುಭದಿನದಂದು ಒಬ್ಬ ಪರದೇಶದ ವೈದ್ಯರ ಚರಿತ್ರೆಯನ್ನು ಕನ್ನಡದಲ್ಲಿ ನೆನೆಯುವುದರ ಪ್ರಯೋಜನವೂ ಅದೇ. ನಿಮ್ಮ ನೆರೆಹೊರೆಯಲ್ಲಿ ಬೆಳಗ್ಗೆ ಕಣ್ಣು ಊದಿಸಿಕೊಂಡು ಏಳುವ ಮಗುವನ್ನು ಕಂಡರೆ, ತಡಮಾಡದೆ ಮೂತ್ರಪರೀಕ್ಷೆ ಮಾಡಿಸಿರೆಂದು ಅದರ ತಾಯಿಗೆ ಹೇಳಿ. ಬ್ರೈಟರಿಗೆ ನಾವು ಸಲ್ಲಿಸಬಹುದಾದ ಗೌರವ ಅದಕ್ಕಿಂತ ದೊಡ್ಡದಿಲ್ಲ.