ಕಿನ್ನರಿ ಬೊಮ್ಮಯ್ಯ

ಕಿನ್ನರಿ ಬೊಮ್ಮಯ್ಯ 12ನೆಯ ಶತಮಾನದ ಶಿವಶರಣ ಹಾಗೂ ವಚನಕಾರ. ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿಯರ ಸಮಕಾಲೀನ. ಕಿನ್ನರಿ ಬ್ರಹ್ಮಯ್ಯ, ಕಿನ್ನರಯ್ಯ ಎಂಬ ಹೆಸರುಗಳೂ ಈತನಿಗಿವೆ. ಮೊದಲು ಅಕ್ಕಸಾಲಿಗನಾಗಿದ್ದ ಈತ ಆ ಕಸುಬನ್ನು ತೊರೆದು, ಕಿನ್ನರಿ ಎಂಬ ತಂತಿವಾದ್ಯವನ್ನು ನುಡಿಸುವುದನ್ನೇ ಕಾಯಕವಾಗಿಸಿಕೊಂಡನು.

ಅಕ್ಕಸಾಲೆಯ ಬದುಕು

ಬೊಮ್ಮಯ್ಯನ ಹುಟ್ಟೂರು ಆಂಧ್ರದ ಪೂದೂರು. ಕೆಲವೆಡೆ ಊಡೂರು ಎಂದೂ ಹೇಳಿದೆ. ಚಿನ್ನಬೆಳ್ಳಿಯ ಒಡವೆ ಮಾಡುವ ಕೆಲಸ ಆಗ ಮನೆಯೊಳಗಿನ ಕಸುಬು. ಅಗ್ಗಿಷ್ಟಿಕೆ, ಮೂಸೆ, ಊದುಗೊಳವೆ, ಇಕ್ಕುಳ, ಅರ, ಒರೆಗಲ್ಲು, ತೂಕಕ್ಕೆ ಗುಲಗಂಜಿ, ಇಷ್ಟಿದ್ದರೆ ಅಕ್ಕಸಾಲೆ ನಡೆಯುತ್ತಿತ್ತು. ತಂದೆ ಮಾಡುವುದನ್ನು ನೋಡುತ್ತಲೇ ಮಗ ಕಲಿಯುತ್ತಿದ್ದನು. ಲೋಹ ಮಾತ್ರ ಗಿರಾಕಿಯದು. ಅದು ಮೂಸೆಯಲ್ಲಿ ಕರಗುವಾಗ ಕಲ್ಮಶ ಸುಟ್ಟು ತೂಕ ಇಳಿಯುತ್ತದೆ. ಅರ ಹಾಕಿದಾಗ ಪುಡಿ ಉದುರುತ್ತದೆ. ಬೆಸುಗೆಗೆ ಬೇರೆ ಲೋಹ ಬೆರೆಸಬೇಕಾಗುತ್ತದೆ. ಹರಳು ಕೂರಿಸುವಾಗ ಅಡಿಗೆ ಅರಗು ತುಂಬಿದರೆ ತೂಕ ಏರುತ್ತದೆ. ಕೊಟ್ಟ ಚಿನ್ನವೂ ಬಂದ ಒಡವೆಯೂ ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲದೆ ತೂಗುವುದು ಅಪರೂಪ. ಆದ್ದರಿಂದ ಈ ಕಸುಬು ನಿಂತಿರುವುದು ನಂಬಿಕೆಯ ಮೇಲೆ. ಅಕ್ಕನ ಚಿನ್ನವನ್ನೂ ಅಕ್ಕಸಾಲಿಗ ಬಿಡುವುದಿಲ್ಲವೆಂಬ ಅರ್ಥದ ಗಾದೆ ಕನ್ನಡದಲ್ಲಿ ಇಂದಿಗೂ ಉಳಿದಿದೆ. ಪ್ರಾಮಾಣಿಕನಾದ ಕೆಲಸಗಾರನಿಗೆ ಅದು ಎಷ್ಟು ಕಹಿಯಾದ ಮಾತೆಂಬುದನ್ನು ಗಾದೆ ಕಟ್ಟಿದವರು ಯೋಚಿಸಿದಂತಿಲ್ಲ.

ಬೊಮ್ಮಯ್ಯನಿಗೂ ಇದೇ ಅಪವಾದ ತಟ್ಟಿತೆಂದು ಸಂಪ್ರದಾಯದ ಕಥನ ಹೇಳುತ್ತದೆ. ಚಿನ್ನದಲ್ಲಿ ಕದಿಯುತ್ತಾನೆಂಬ ಸಂಶಯಕ್ಕೆ ನೊಂದು, ಆತ ಅಕ್ಕಸಾಲೆಯನ್ನು ಮುಚ್ಚಿ ಕಲ್ಯಾಣಕ್ಕೆ ಬಂದನು.

ಕಲ್ಯಾಣದಲ್ಲಿ

ಕಲ್ಯಾಣ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ಆಗ ಬಿಜ್ಜಳನ ರಾಜಧಾನಿ. ಅಲ್ಲಿನ ತ್ರಿಪುರಾಂತಕ ದೇವಾಲಯದಲ್ಲಿ ಬೊಮ್ಮಯ್ಯ ಕಿನ್ನರಿ ನುಡಿಸಿ, ಬಂದ ಹೊನ್ನನ್ನು ಜಂಗಮ ದಾಸೋಹಕ್ಕೆ ಸಲ್ಲಿಸುತ್ತಿದ್ದನು. ಸೋರೆಬುರುಡೆಗಳನ್ನು ಕಟ್ಟಿದ ಈ ವಾದ್ಯದ ಲಕ್ಷಣವನ್ನು 13ನೆಯ ಶತಮಾನದ ಸಂಗೀತರತ್ನಾಕರ ವಿವರಿಸಿದೆ. ಕರ್ನಾಟಕದ ಕಿನ್ನರಿ ಜೋಗಿಗಳು ಅದನ್ನು ಉಳಿಸಿಕೊಂಡು ಬಂದಿದ್ದಾರೆ.

ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ಈರುಳ್ಳಿಯ ಪ್ರಸಂಗ ಬರುತ್ತದೆ. ಜಂಗಮರ ಊಟಕ್ಕೆಂದು ಬೊಮ್ಮಯ್ಯ ಸಿದ್ಧಪಡಿಸುತ್ತಿದ್ದ ಈರುಳ್ಳಿಯ ವಾಸನೆಗೆ ಬಸವಣ್ಣ ಅಸಹ್ಯಪಟ್ಟನು. ದಾಸೋಹದ ಪದಾರ್ಥವನ್ನು ಹೀಗಳೆದನೆಂದು ಮುನಿದ ಬೊಮ್ಮಯ್ಯ ಕಲ್ಯಾಣವನ್ನೇ ಬಿಟ್ಟು ಹೊರಟನು. ತಪ್ಪನ್ನರಿತ ಬಸವಣ್ಣ ಈರುಳ್ಳಿಯಿಂದಲೇ ಉತ್ಸವ ಮಾಡಿಸಿ, ಆತನನ್ನು ಮೆರವಣಿಗೆಯಲ್ಲಿ ಕರೆತಂದನು. ರಾಜ್ಯದ ಭಂಡಾರಿಯೊಬ್ಬ ವಾದ್ಯಗಾರನ ಮುಂದೆ ತಲೆಬಾಗಿದ ಈ ಕಥೆ ಶರಣರ ನಡುವಿನ ಸಮಾನತೆಗೆ ಒಳ್ಳೆಯ ನಿದರ್ಶನ.

ಅಕ್ಕಮಹಾದೇವಿಯ ಪರೀಕ್ಷೆ

ಬೊಮ್ಮಯ್ಯನ ಹೆಸರು ಹೆಚ್ಚು ಜನರಿಗೆ ತಿಳಿದಿರುವುದು ಶೂನ್ಯಸಂಪಾದನೆಯಿಂದ. ಈಗಿನ ಶಿಕಾರಿಪುರ ತಾಲ್ಲೂಕಿನ ಉಡುತಡಿಯಿಂದ ಎಲ್ಲವನ್ನೂ ತೊರೆದು, ಕೂದಲನ್ನೇ ಮೈಗೆ ಹೊದ್ದು ಕಲ್ಯಾಣಕ್ಕೆ ಬಂದ ಅಕ್ಕನನ್ನು ಮೊದಲು ಎದುರುಗೊಂಡವನು ಈತ. ಆಕೆಯ ವೈರಾಗ್ಯ ನಿಜವೇ ಎಂದು ಪರೀಕ್ಷಿಸಲು ಹೊರಟು, ಆಕೆಯ ನಿಲವನ್ನು ಕಂಡು ನಾಚಿ, ಶರಣಾಗಿ ಕ್ಷಮೆ ಬೇಡಿದನು. ಲೋಹವನ್ನು ಒರೆಗೆ ಹಚ್ಚಿ ಬಣ್ಣ ನೋಡುವುದು ಅಕ್ಕಸಾಲಿಗನ ಕೈಗೆ ಅಂಟಿದ ಅಭ್ಯಾಸ. ಆದರೆ ಅನ್ಯಾಯದ ಸಂಶಯಕ್ಕೆ ಮನೆಮಾರು ಬಿಟ್ಟವನೇ ಇಲ್ಲಿ ಇನ್ನೊಬ್ಬರನ್ನು ಸಂಶಯದಿಂದ ನೋಡಿದನೆಂಬುದನ್ನು ಮರೆಯುವಂತಿಲ್ಲ. ಶೂನ್ಯಸಂಪಾದನೆಯ ಕರ್ತೃಗಳು ಆತನ ಸೋಲನ್ನು ಮುಚ್ಚಿಡದೆ ಬರೆದರು. ಅದರಿಂದ ಬೊಮ್ಮಯ್ಯನ ಘನತೆ ಕುಂದಿಲ್ಲ.

ಕೊನೆಯ ದಿನಗಳು, ವಚನಗಳು

1160ರ ದಶಕದ ಕೊನೆಗೆ ಕಲ್ಯಾಣದಲ್ಲಿ ಕ್ಷೋಭೆಯೆದ್ದಾಗ, ಬೊಮ್ಮಯ್ಯ ಚೆನ್ನಬಸವಣ್ಣನ ತಂಡದೊಡನೆ ಉತ್ತರ ಕನ್ನಡದ ಉಳವಿಯತ್ತ ನಡೆದನೆಂದು ಪ್ರತೀತಿ. ಈತನ 18 ವಚನಗಳು ದೊರೆತಿವೆ. ಅಂಕಿತ ‘ಮಹಾಲಿಂಗ ತ್ರಿಪುರಾಂತಕ’. ತಾನು ಕಿನ್ನರಿ ನುಡಿಸಿದ ಗುಡಿಯ ದೇವರ ಹೆಸರನ್ನೇ ಆತ ಇಟ್ಟುಕೊಂಡಿದ್ದಾನೆ. ಬಸವಕಲ್ಯಾಣದ ಕೆರೆಯೊಂದಕ್ಕೆ ಇಂದಿಗೂ ತ್ರಿಪುರಾಂತಕ ಕೆರೆ ಎಂಬ ಹೆಸರಿದೆ.