ಒಲೆಯ ವಿಜ್ಞಾನಿ ಕೌಂಟ್ ರಮ್‌ಫರ್ಡ್



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ವಿಜ್ಞಾನಿಯ ಜೀವನ ಬರೆಯಬೇಕು ಅಂತ ಅಕ್ಕೋರು ನನಗೆ ಹೇಳಿದರು. ನಾನು ರಮ್‌ಫರ್ಡ್ ಎಂಬುವನನ್ನು ಆರಿಸಿಕೊಂಡೆ. ಇದಕ್ಕೆ ಕಾರಣ ನಮ್ಮ ಮನೆಯ ಬಚ್ಚಲ ಒಲೆ.

ನಮ್ಮ ಮನೆಯಲ್ಲಿ ಅಡಿಗೆಗೆ ಗ್ಯಾಸ್ ಇದೆ. ಆದರೆ ಸ್ನಾನದ ನೀರು ಇನ್ನೂ ಕಟ್ಟಿಗೆ ಒಲೆಯ ಮೇಲೆಯೇ ಕಾಯುತ್ತದೆ. ದಾಂಡೇಲಿ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಕಟ್ಟಿಗೆ ಹಸಿ, ಒಲೆಯ ಬಾಯಿ ದೊಡ್ಡದು. ಅಜ್ಜಿ ನಸುಕಿನಲ್ಲೇ ಎದ್ದು ಊದುಗೊಳವೆ ಹಿಡಿದು ಕೂತರೆ ಹಂಡೆಯ ನೀರು ಬಿಸಿಯಾಗುವ ಮೊದಲೇ ಮನೆ ತುಂಬ ಹೊಗೆ. ಅಜ್ಜಿಗೆ ಕೆಮ್ಮು ಬಿಟ್ಟೇ ಇಲ್ಲ. ಹೋದ ಮಳೆಗಾಲದಲ್ಲಿ ಡಾಕ್ಟರು ಇನ್ನು ಹೊಗೆಯ ಮುಂದೆ ಕೂರಬಾರದು ಅಂದರು. ಅಂದಿನಿಂದ ಒಲೆ ಉರಿಸುವ ಕೆಲಸ ನನಗೆ ಬಂತು. ಇಷ್ಟು ಕಟ್ಟಿಗೆ ಹಾಕಿದರೂ ಬಿಸಿಯೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಸಿಟ್ಟು ಬರುತ್ತಿತ್ತು. ಇದೇ ಪ್ರಶ್ನೆಯನ್ನು ಇನ್ನೂರು ವರ್ಷಗಳ ಹಿಂದೆ ಕೇಳಿಕೊಂಡವನು ರಮ್‌ಫರ್ಡ್.

ದೊಡ್ಡವರ ಬಗ್ಗೆ ಬರೆಯುವಾಗ ಅವರು ಎನ್ನಬೇಕು. ನಾನು ಅವನು ಎಂದೇ ಬರೆದಿದ್ದೇನೆ. ಪೂರ್ತಿ ಓದಿದ ಮೇಲೆ ತಪ್ಪು ಅನ್ನಿಸಿದರೆ ನನಗೆ ಹೇಳಿ.

ಅವನ ನಿಜವಾದ ಹೆಸರು ಬೆಂಜಮಿನ್ ಥಾಮ್ಸನ್. 1753ರ ಮಾರ್ಚ್ 26ರಂದು ಅಮೆರಿಕದ ವೂಬರ್ನ್ ಎಂಬ ಊರಿನಲ್ಲಿ ಒಕ್ಕಲುತನದ ಮನೆಯಲ್ಲಿ ಹುಟ್ಟಿದ. ಆಗ ಅಮೆರಿಕದ ಆ ಭಾಗ ಇಂಗ್ಲಿಷರ ಕೈಯಲ್ಲಿತ್ತು. ಅವನು ಕೂಸಿದ್ದಾಗಲೇ ತಂದೆ ತೀರಿಕೊಂಡರು. 13 ವರ್ಷದವನಿದ್ದಾಗ, ಅಂದರೆ ನನ್ನ ವಯಸ್ಸಿನಲ್ಲಿ, ಸೇಲಂ ಎಂಬ ಊರಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ. (ಇದು ತಮಿಳುನಾಡಿನ ಸೇಲಂ ಅಲ್ಲ.) ಅಲ್ಲಿ ಪಟಾಕಿ ತಯಾರಿಸಲು ಹೋಗಿ ಮದ್ದು ಸಿಡಿದು ಮೈ ಸುಟ್ಟುಕೊಂಡ. ಬೇರೆ ಹುಡುಗರಾದರೆ ಮತ್ತೆ ಬೆಂಕಿಯ ತಂಟೆಗೇ ಹೋಗುತ್ತಿರಲಿಲ್ಲ. ಇವನು ಗೆಳೆಯನ ಜೊತೆ ನಡೆದುಕೊಂಡು ಹಾರ್ವರ್ಡ್ ಕಾಲೇಜಿಗೆ ಹೋಗಿ ವಿಜ್ಞಾನದ ಪಾಠ ಕೇಳಿಬರುತ್ತಿದ್ದ. ಮುಂದೆ ಕಾಂಕರ್ಡ್ ಎಂಬ ಊರಿನಲ್ಲಿ ಶಾಲಾ ಮಾಸ್ತರನಾದ. ಆ ಊರಿಗೆ ಮೊದಲು ರಮ್‌ಫರ್ಡ್ ಅಂತ ಹೆಸರಿತ್ತು. 1772ರಲ್ಲಿ, 19 ವರ್ಷಕ್ಕೆ, ಸಾರಾ ಎಂಬ ಸಿರಿವಂತ ವಿಧವೆಯನ್ನು ಮದುವೆಯಾದ. 1774ರಲ್ಲಿ ಒಂದು ಹೆಣ್ಣು ಮಗು ಹುಟ್ಟಿತು.

ಆಗಲೇ ಅಮೆರಿಕದವರು ಇಂಗ್ಲಿಷರ ವಿರುದ್ಧ ಎದ್ದರು. ನಾವಾದರೆ ನಮ್ಮ ಜನರ ಕಡೆ ಇರುತ್ತಿದ್ದೆವು. ಬೆಂಜಮಿನ್ ಇಂಗ್ಲಿಷರ ಕಡೆ ಸೇರಿ ಗುಟ್ಟಾಗಿ ಸುದ್ದಿ ಕಳಿಸಿದ. ಕಣ್ಣಿಗೆ ಕಾಣದ ಶಾಯಿಯಲ್ಲಿ ಕಾಗದ ಬರೆಯುತ್ತಿದ್ದನಂತೆ. ಊರಿನವರು ಅವನ ಮೇಲೆ ಸಿಟ್ಟಾದರು. 1775ರಲ್ಲಿ ಹೆಂಡತಿ ಮಗುವನ್ನು ಬಿಟ್ಟು ಹೊರಟುಹೋದ. ಆ ಹೆಂಡತಿಯನ್ನು ಮತ್ತೆ ನೋಡಲೇ ಇಲ್ಲ. ಮಗಳನ್ನು ನೋಡಿದ್ದು 20 ವರ್ಷ ಕಳೆದ ಮೇಲೆ, 1796ರಲ್ಲಿ. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಬೇರೆ ಯಾರ ಬಗ್ಗೆಯಾದರೂ ಬರೆಯೋಣ ಅಂದುಕೊಂಡೆ. ಅಕ್ಕೋರು ಪೂರ್ತಿ ಓದು, ಆಮೇಲೆ ಬಿಡು ಅಂದರು.

ಲಂಡನ್ನಿನಲ್ಲಿ ತೋಪು ಮದ್ದಿನ ಪ್ರಯೋಗಗಳನ್ನು ಮಾಡಿ 1779ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. 1784ರಲ್ಲಿ ಈಗಿನ ಜರ್ಮನಿಯ ಬವೇರಿಯ ರಾಜ್ಯಕ್ಕೆ ಹೋಗಿ ಅಲ್ಲಿಯ ಅರಸನ ಸೈನ್ಯವನ್ನು ಸುಧಾರಿಸುವ ಕೆಲಸ ಹಿಡಿದ. ಸೈನಿಕರಿಗೆ ಛಳಿ ತಡೆಯುವ ಬಟ್ಟೆ ಬೇಕಲ್ಲ? ಯಾವುದು ಬೆಚ್ಚಗೆ ಅಂತ ಮುಟ್ಟಿ ನೋಡಿ ಹೇಳಲಿಲ್ಲ. ಉಷ್ಣಮಾಪಕದ ಸುತ್ತ ಉಣ್ಣೆ, ಹತ್ತಿ, ರೇಷ್ಮೆ, ಹಕ್ಕಿ ಪುಕ್ಕ ಒಂದೊಂದನ್ನೇ ತುಂಬಿ, ಬಿಸಿ ಮಾಡಿ, ಆರಲು ಎಷ್ಟು ಹೊತ್ತು ಬೇಕು ಅಂತ ಅಳೆದ. ಬಿಸಿ ಹಿಡಿದಿಡುವುದು ಬರೀ ನೂಲಲ್ಲ, ನೂಲಿನ ನಡುವೆ ಸಿಕ್ಕಿಬಿದ್ದ ಗಾಳಿ ಅಂತ ಗೊತ್ತಾಯಿತು. ನಮ್ಮ ಅವ್ವ ಹಳೇ ಸೀರೆಗಳನ್ನು ಪದರ ಪದರ ಹಾಕಿ ಕೌದಿ ಹೊಲಿಯುತ್ತಾಳೆ. ಅದು ಇಷ್ಟು ಬೆಚ್ಚಗೆ ಯಾಕೆ ಅಂತ ನನಗೆ ಈಗ ತಿಳಿಯಿತು.

ಇನ್ನೊಂದು ಪ್ರಯೋಗ ನನಗೆ ಬಹಳ ಸೇರಿತು. ಉಷ್ಣಮಾಪಕವನ್ನು ಗಾಜಿನ ಬುರುಡೆಯಲ್ಲಿಟ್ಟು, ಪಾದರಸದ ಸಹಾಯದಿಂದ ಒಳಗೆ ಗಾಳಿಯೇ ಇಲ್ಲದಂತೆ ಮಾಡಿ, ಕುದಿಯುವ ನೀರಿನಲ್ಲಿ ಮುಳುಗಿಸಿದ. ಒಳಗೆ ಏನೂ ಇಲ್ಲದಿದ್ದರೂ ಪಾದರಸ ಏರಿತು! ಆದರೆ ಗಾಳಿ ಇದ್ದಾಗಿನಷ್ಟು ಬೇಗ ಏರಲಿಲ್ಲ. ಬರಿದಾದ ಜಾಗದಲ್ಲೂ ಉಷ್ಣ ದಾಟುತ್ತದೆ, ಆದರೆ ನಿಧಾನ. ಇದನ್ನು 1786ರಲ್ಲಿ ಪ್ರಕಟಿಸಿದ. ಸೂರ್ಯನ ಬಿಸಿ 15 ಕೋಟಿ ಕಿಲೋಮೀಟರ್ ಬರಿದಾದ ಜಾಗ ದಾಟಿ ನಮ್ಮ ಅಂಗಳಕ್ಕೆ ಬರುವುದೂ ಹೀಗೆಯೇ. ನಮ್ಮ ಪಾಠದಲ್ಲಿ ಇದಕ್ಕೆ ವಿಕಿರಣ ಎಂದಿದೆ. ಥರ್ಮಾಸ್ ಫ್ಲಾಸ್ಕಿನ ಎರಡು ಗಾಜುಗಳ ನಡುವಿನ ಗಾಳಿ ತೆಗೆದಿರುವುದು ಬಿಸಿ ನಿಧಾನವಾಗಿ ಹೋಗಲಿ ಅಂತ. ಅದು ಬಂದದ್ದು ಮಾತ್ರ ಬಹಳ ತಡವಾಗಿ, 1892ರಲ್ಲಿ. ಮಾಡಿದವರು ಜೇಮ್ಸ್ ಡೀವರ್ ಎಂಬ ಬೇರೆ ವಿಜ್ಞಾನಿ.

ಈಗ ಗಂಜಿಯ ಕಥೆ. ಒಂದು ದಿನ ಅವನು ಪ್ರಯೋಗದಲ್ಲಿ ಮುಳುಗಿದ್ದಾಗ ಊಟಕ್ಕೆ ಗಟ್ಟಿ ಅಕ್ಕಿ ಗಂಜಿ ಬಂತು. ಆರದಿರಲಿ ಅಂತ ಕಬ್ಬಿಣದ ಒಲೆಯ ಮೇಲೆ ಇಡಿಸಿದ. ಒಂದು ತಾಸಾದ ಮೇಲೆ ಹಸಿವಾಗಿ ಮೇಲಿನಿಂದ ಒಂದು ಚಮಚೆ ತಿಂದ. ತಣ್ಣಗಿತ್ತು. ಎರಡನೇ ಸಲ ಚಮಚೆ ಆಳಕ್ಕೆ ಹೋಯಿತು. ಬಾಯಿ ಸುಟ್ಟಿತು! ಒಂದೇ ಬಟ್ಟಲು, ಕೆಳಗೆ ಸುಡುಸುಡು, ಮೇಲೆ ತಣ್ಣಗೆ. ನೀರಾಗಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಅವನಿಗೆ ಹೊಳೆಯಿತು. ತೆಳ್ಳಗಿನ ನೀರು ತಳದಲ್ಲಿ ಕಾದು ಹಗುರಾಗಿ ಮೇಲೇಳುತ್ತದೆ, ಮೇಲಿನ ತಣ್ಣೀರು ಇಳಿಯುತ್ತದೆ, ಹೀಗೆ ತಿರುಗಿ ತಿರುಗಿ ಎಲ್ಲಾ ಕಾಯುತ್ತದೆ. ಗಟ್ಟಿ ಗಂಜಿಗೆ ತಿರುಗಾಡಲು ಆಗುವುದಿಲ್ಲ. ನಮ್ಮನೆಯಲ್ಲಿ ಸಾರು ಬೇಗ ಆರುತ್ತದೆ, ಜುಣಕ ಮಾತ್ರ ಎಷ್ಟೋ ಹೊತ್ತಿನ ಮೇಲೂ ನಾಲಿಗೆ ಸುಡುತ್ತದೆ. ನೀವೂ ನೋಡಿರಬಹುದು. ಒಮ್ಮೆ ದೊಡ್ಡ ಉಷ್ಣಮಾಪಕವೊಂದು ಆರುವಾಗ ಅದರೊಳಗಿನ ದ್ರವದಲ್ಲಿ ಧೂಳಿನ ಕಣಗಳು ನಡುವೆ ಮೇಲಕ್ಕೂ ಬದಿಯಲ್ಲಿ ಕೆಳಕ್ಕೂ ಓಡುವುದನ್ನು ಬಿಸಿಲಿನಲ್ಲಿ ಕಣ್ಣಾರೆ ಕಂಡ. ಅಕ್ಕೋರು ನಮಗೆ ಗಾಜಿನ ಪಾತ್ರೆಯಲ್ಲಿ ಗರಗಸದ ಹೊಟ್ಟು ಹಾಕಿ ತೋರಿಸಿದರಲ್ಲ, ಅದೇ ಸಂವಹನ.

ಇದರಲ್ಲಿ ಅವನು ಒಂದು ತಪ್ಪನ್ನೂ ಮಾಡಿದ. ನೀರು, ಗಾಳಿಗಳಲ್ಲಿ ಉಷ್ಣವಹನ ಆಗುವುದೇ ಇಲ್ಲ ಅಂತ ಸಾಧಿಸಿದ. ಆಗುತ್ತದೆ, ಆದರೆ ಬಹಳ ಕಡಿಮೆ.

ಮ್ಯೂನಿಕ್ ನಗರದಲ್ಲಿ ಭಿಕ್ಷುಕರು ಬಹಳ ಇದ್ದರು. 1790ರ ಜನವರಿ 1ರಂದು ಅವರನ್ನು ಹಿಡಿಸಿ ಒಂದು ದೊಡ್ಡ ಮನೆಯಲ್ಲಿಟ್ಟು ಕೆಲಸ, ಊಟ ಕೊಡಿಸಿದ. ಸೈನಿಕರ ಬಟ್ಟೆ ಅಲ್ಲೇ ತಯಾರಾಯಿತು. ಅಷ್ಟು ಜನರಿಗೆ ಅಡಿಗೆಯಾಗಬೇಕು, ಕಟ್ಟಿಗೆ ಕಡಿಮೆ ಹತ್ತಬೇಕು. ಆಗ ಒಲೆಯನ್ನೇ ಬದಲಿಸಿದ. ಬೆಂಕಿಯನ್ನು ಬಯಲಿನಲ್ಲಿ ಬಿಡದೆ ಇಟ್ಟಿಗೆಯೊಳಗೆ ಮುಚ್ಚಿದ, ಪಾತ್ರೆಯನ್ನು ಒಲೆಯೊಳಗೆ ಇಳಿಸಿದ, ಗಾಳಿ ಬೇಕಾದಷ್ಟೇ ಬರುವಂತೆ ಮಾಡಿದ. ಮುಂದೆ ಲಂಡನ್ನಿನ ಮನೆಗಳ ಬೆಂಕಿಗೂಡುಗಳನ್ನೂ ತಿದ್ದಿದ. ಹೊಗೆ ಹೋಗುವ ಗಂಟಲನ್ನು ಕಿರಿದು ಮಾಡಿದ, ಬದಿಯ ಗೋಡೆಗಳನ್ನು ಓರೆ ಮಾಡಿದ. ಹೊಗೆ ಮೇಲೆ ಹೋಯಿತು, ಬಿಸಿ ಕೋಣೆಯೊಳಕ್ಕೆ ಬಂತು.

ಬವೇರಿಯದಲ್ಲಿ ಅವನಿಗೆ ಕೌಂಟ್ ಪದವಿ ಸಿಕ್ಕಿತು. ತಾನು ಮಾಸ್ತರಿಕೆ ಮಾಡಿದ, ಹೆಂಡತಿಯನ್ನು ಬಿಟ್ಟುಬಂದ ಊರಿನ ಹಳೇ ಹೆಸರನ್ನೇ ಆಗ ಇಟ್ಟುಕೊಂಡ. ನೆನಪಿಗೋ, ಪಶ್ಚಾತ್ತಾಪಕ್ಕೋ, ನನಗೆ ತಿಳಿಯಲಿಲ್ಲ.

ಪುಸ್ತಕಗಳಲ್ಲಿ ಅವನ ಹೆಸರು ಹೆಚ್ಚಾಗಿ ಬರುವುದು ತೋಪಿನ ಪ್ರಯೋಗಕ್ಕೆ. ಆಗ ದೊಡ್ಡ ವಿಜ್ಞಾನಿಗಳೆಲ್ಲ ಉಷ್ಣ ಅಂದರೆ ಕ್ಯಾಲೊರಿಕ್ ಎಂಬ ಕಣ್ಣಿಗೆ ಕಾಣದ ದ್ರವ, ಅದು ವಸ್ತುವಿನಿಂದ ವಸ್ತುವಿಗೆ ಹರಿಯುತ್ತದೆ ಅಂತ ನಂಬಿದ್ದರು. ಮ್ಯೂನಿಕ್ಕಿನಲ್ಲಿ ತೋಪು ಕೊರೆಯುವಾಗ ಲೋಹ ವಿಪರೀತ ಕಾಯುವುದನ್ನು ರಮ್‌ಫರ್ಡ್ ಕಂಡ. ಮೊಂಡು ಭೈರಿಗೆ ಹಾಕಿಸಿ, ಕುದುರೆಗಳಿಂದ ತೋಪನ್ನು ತಿರುಗಿಸಿ, ಸುತ್ತಲೂ ಪೆಟ್ಟಿಗೆ ಕಟ್ಟಿ ನೀರು ತುಂಬಿದ. 2 ತಾಸು 30 ನಿಮಿಷಕ್ಕೆ ಬೆಂಕಿಯೇ ಇಲ್ಲದೆ ನೀರು ಕುದಿಯಿತು! ನೋಡುತ್ತ ನಿಂತವರು ಬೆರಗಾದರು. ಎಷ್ಟು ಹೊತ್ತು ತಿಕ್ಕಿದರೂ ಬಿಸಿ ಬರುತ್ತಲೇ ಇತ್ತು. ಲೋಹದೊಳಗೆ ತುಂಬಿಟ್ಟ ದ್ರವವಾಗಿದ್ದರೆ ಎಂದಾದರೂ ಮುಗಿಯಬೇಕಿತ್ತು. ಆದ್ದರಿಂದ ಉಷ್ಣ ಎಂದರೆ ಚಲನೆಯೇ ಅಂತ 1798ರಲ್ಲಿ ಬರೆದ. ಎಲ್ಲರೂ ಒಪ್ಪಲು ಇನ್ನೂ ಸುಮಾರು 50 ವರ್ಷ ಹಿಡಿಯಿತು.

ನಮ್ಮ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ 1799ರಲ್ಲೇ ಅತ್ತ ಲಂಡನ್ನಿನಲ್ಲಿ ರಮ್‌ಫರ್ಡ್ ಮುಂದಾಗಿ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯನ್ನು ಕಟ್ಟಿಸಿದ. ಮೈಕೇಲ್ ಫ್ಯಾರಡೆ ಕೆಲಸ ಮಾಡಿದ್ದು ಅಲ್ಲಿಯೇ. ಉಷ್ಣ ಮತ್ತು ಬೆಳಕಿನ ಸಂಶೋಧನೆಗೆ ಪದಕ ಕೊಡಲಿ ಅಂತ ರಾಯಲ್ ಸೊಸೈಟಿಗೆ ದುಡ್ಡು ಕೊಟ್ಟಿದ್ದ. 1802ರಲ್ಲಿ ಮೊದಲ ಪದಕ ಯಾರಿಗೆ ಬಂತು ಹೇಳಿ ನೋಡೋಣ? ಅವನಿಗೇ!

1805ರಲ್ಲಿ ಪ್ಯಾರಿಸ್ಸಿನಲ್ಲಿ ಎರಡನೇ ಮದುವೆಯಾದ. ಆಕೆ ಲವಾಸಿಯೇ ಎಂಬ ದೊಡ್ಡ ವಿಜ್ಞಾನಿಯ ವಿಧವೆ. ಕ್ಯಾಲೊರಿಕ್ ಎಂಬ ಹೆಸರನ್ನು ಗಟ್ಟಿ ಮಾಡಿದವರು ಅದೇ ಲವಾಸಿಯೇ! ಇಬ್ಬರಿಗೂ ಕೂಡಿಬರಲಿಲ್ಲ. ಆಕೆ ಕರೆದ ಅತಿಥಿಗಳು ಒಳಗೆ ಬರದ ಹಾಗೆ ಇವನು ಬಾಗಿಲು ಹಾಕಿಸಿದನಂತೆ, ಆಕೆ ಇವನ ಹೂಗಿಡಗಳಿಗೆ ಕುದಿಯುವ ನೀರು ಸುರಿದಳಂತೆ. 1809ರಲ್ಲಿ ಬೇರೆಯಾದರು. 1814ರ ಆಗಸ್ಟ್ 21ರಂದು ಪ್ಯಾರಿಸ್ ಹತ್ತಿರದ ಓತಾಯ್ ಎಂಬಲ್ಲಿ ತೀರಿಕೊಂಡ. ಚಿಕ್ಕವನಿದ್ದಾಗ ನಡೆದು ಹೋಗಿ ಪಾಠ ಕೇಳಿದ್ದ ಹಾರ್ವರ್ಡಿಗೆ ಹಣ ಬಿಟ್ಟು ಹೋಗಿದ್ದ.

ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಕೌದಿ, ಗಂಜಿ ಬಂದಾಗ ನಕ್ಕರು. ಹೆಂಡತಿ ಮಗುವನ್ನು ಬಿಟ್ಟದ್ದು ಕೇಳಿ ಅಂಥವನ ಒಲೆ ನಮಗೆ ಬೇಡ ಅಂದರು. ನಾನು ಒಲೆಯೇನು ತಪ್ಪು ಮಾಡಿದೆ ಅಂದೆ. ಆಗ ಅಜ್ಜಿ, ಅಂಥ ಮುಚ್ಚಿದ ಒಲೆ ಬಹಳ ವರ್ಷದ ಹಿಂದೆ ಅವರ ತವರಿನಲ್ಲಿಯೂ ಇತ್ತು, ಮೂರು ಪಾತ್ರೆ ಕೂರುತ್ತಿದ್ದವು, ಅಸ್ತ್ರ ಒಲೆ ಅನ್ನುತ್ತಿದ್ದರು ಅಂತ ನೆನಪು ಮಾಡಿಕೊಂಡರು. ಅಕ್ಕೋರನ್ನು ಕೇಳಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೋಸ್ಕರ 1974ರಲ್ಲಿ ಅಸ್ತ್ರ ಎಂಬ ವಿಭಾಗ ಶುರುವಾಯಿತು, ಅದರ ಹಿಂದೆ ಅಮೂಲ್ಯ ರೆಡ್ಡಿಯವರು ಇದ್ದರು, ಆ ಒಲೆ ಅಲ್ಲಿಯದೇ ಅಂತ ಹೇಳಿದರು. ಕಟ್ಟಿಗೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಪಾತ್ರೆಗೂ ಒಲೆಗೂ ಸಂದಿ ಇರುವುದಿಲ್ಲ, ಬಿಸಿ ಗಾಳಿ ಒಂದು ಪಾತ್ರೆಯ ಕೆಳಗಿಂದ ಇನ್ನೊಂದರ ಕೆಳಗೆ ಹೋಗಿ ಕೊನೆಗೆ ಕೊಳವೆಯಿಂದ ಹೊರಗೆ ಹೋಗುತ್ತದೆ.

ನಮ್ಮ ಒಲೆಯ ಮುಂದೆ ಮತ್ತೆ ಕೂತು ನೋಡಿದೆ. ನನ್ನ ಮುಖಕ್ಕೆ ಸುಡುವುದು ವಿಕಿರಣ, ಹಂಡೆಯ ಬದಿಯಿಂದ ಮೇಲೆ ಹಾರಿಹೋಗುವುದು ಬಿಸಿ ಗಾಳಿ. ತಾಮ್ರದೊಳಗೆ ವಹನವಾಗಿ ನೀರಿಗೆ ಸೇರುವುದು ಉಳಿದದ್ದು ಮಾತ್ರ. ಅಜ್ಜಿ ಇಷ್ಟು ವರ್ಷ ಅರ್ಧ ಕಟ್ಟಿಗೆಯನ್ನು ತಮ್ಮ ಮುಖಕ್ಕೇ ಉರಿಸಿದ ಹಾಗಾಯಿತು.

ಅಪ್ಪ ಒಪ್ಪಿದ್ದಾರೆ. ಹುತ್ತದ ಮಣ್ಣು ತಂದು ಹಿತ್ತಲಲ್ಲಿ ಗೋಣಿ ಮುಚ್ಚಿ ಇಟ್ಟಿದ್ದೇವೆ. ಹಂಡೆಯ ಸುತ್ತ ಸಂದಿ ಮುಚ್ಚುವುದು, ಬಾಯಿ ಕಿರಿದು ಮಾಡುವುದು, ಹೊಗೆಗೆ ಕೊಳವೆ ಹಾಕುವುದು. ಕೊಳವೆ ಇನ್ನೂ ಸಿಕ್ಕಿಲ್ಲ. ಯಾರ ಮನೆಯಲ್ಲಾದರೂ ಹಳೇ ಸಿಮೆಂಟ್ ಕೊಳವೆ ಇದ್ದರೆ ನನಗೆ ತಿಳಿಸಿ, ಮಳೆ ನಿಂತ ಮೇಲೆ ಒಯ್ಯುತ್ತೇನೆ.